ಅಕ್ಷ ಮೊದಲು, ಸೂತ್ರ ಆಮೇಲೆ: ಟಾರ್ಕ್ ಮತ್ತು ಭ್ರಮಣ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಅರಿಯುವ ಬಗೆ

ರಾಗಿ ಬೀಸುವ ಕಲ್ಲಿನ ಮುಂದೆ ಒಮ್ಮೆಯಾದರೂ ಕುಳಿತವರಿಗೆ ಈ ಪಾಠದ ಅರ್ಧ ಭಾಗ ಕೈಗೇ ಗೊತ್ತಿರುತ್ತದೆ. ಮೇಲಿನ ಕಲ್ಲಿನ ಮರದ ಹಿಡಿಯನ್ನು ನಡುವಿನ ಗೂಟದ ಪಕ್ಕದಲ್ಲಿ ಯಾರೂ ಕೂರಿಸುವುದಿಲ್ಲ. ಕಲ್ಲಿನ ಅಂಚಿಗೆ ಎಷ್ಟು ಹತ್ತಿರವಾದೀತೋ ಅಷ್ಟು ಹತ್ತಿರ ಕೂರಿಸುತ್ತಾರೆ. ಬೀಸಲು ತೊಡಗಿದ ಮೊದಲ ಕ್ಷಣದಲ್ಲಿ ಕಲ್ಲು ಮಿಸುಕಲು ಹೆಚ್ಚು ಬಲ ಬೇಡುತ್ತದೆ, ಒಮ್ಮೆ ಓಟಕ್ಕೆ ಬಂದ ಮೇಲೆ ಕೈ ಹಗುರಾಗುತ್ತದೆ, ಹಿಡಿಯನ್ನು ಸುತ್ತಿಸುವ ಬದಲು ನಡುವಿನ ಗೂಟದ ಕಡೆಗೇ ಒತ್ತಿದರೆ ಕಲ್ಲು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಟಾರ್ಕ್, ಜಡತ್ವ ಭ್ರಾಮಕ, ಕೋನೀಯ ವೇಗೋತ್ಕರ್ಷ ಎಂಬ ಹೆಸರುಗಳೆಲ್ಲ ಈ ಅನುಭವವನ್ನೇ ಲೆಕ್ಕಕ್ಕೆ ಸಿಗುವಂತೆ ಹೇಳುವ ಮಾತುಗಳು.

ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಹೆಚ್ಚು ಹೆದರುವ ಅಧ್ಯಾಯಗಳಲ್ಲಿ ಇದೂ ಒಂದು. ಸೂತ್ರಗಳು ಬಹಳವಿವೆ ಎಂಬುದು ಅವರು ಹೇಳುವ ಕಾರಣ. ಆದರೆ ಅವರು ಬಿಡಿಸಿದ ಲೆಕ್ಕಗಳನ್ನು ಸಾಲು ಸಾಲಾಗಿ ನೋಡುತ್ತ ಹೋದರೆ ತಪ್ಪು ಗಣಿತದಲ್ಲಿ ಸಿಗುವುದು ಅಪರೂಪ. ಯಾವ ಅಕ್ಷದ ಸುತ್ತ ಲೆಕ್ಕ ಹಾಕುತ್ತಿದ್ದೇವೆ ಎಂಬುದನ್ನು ನಿರ್ಧರಿಸದೆ ಸೂತ್ರಕ್ಕೆ ಕೈ ಹಾಕಿದಲ್ಲಿಯೇ ಅದು ಸಿಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯೂ ಅಕ್ಷದ ಪ್ರಶ್ನೆಗೆ ಮರಳಿ ಬರುತ್ತದೆ. ನೇರ ಚಲನೆಯ ಬಗ್ಗೆ ನ್ಯೂಟನ್ನನ ನಿಯಮಗಳು ಗೊತ್ತಿದ್ದರೆ ಸಾಕು, ಇದನ್ನು ಓದಲು ಬೇರೆ ಸಿದ್ಧತೆ ಬೇಡ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು, ಕೊಟ್ಟ ಲೆಕ್ಕಗಳನ್ನು ನೀವೂ ಹಾಕುತ್ತ ಬನ್ನಿ.

ಹೆಜ್ಜೆ 1: ಅಕ್ಷವನ್ನು ಗುರುತಿಸುವುದು

ಒಂದು ಗಟ್ಟಿ ವಸ್ತು ತಿರುಗುವಾಗ ಅದರ ಒಳಗೋ ಹೊರಗೋ ಒಂದು ಗೆರೆ ಕದಲದೆ ಉಳಿದು, ಉಳಿದ ಬಿಂದುಗಳೆಲ್ಲ ಆ ಗೆರೆಯ ಸುತ್ತ ವೃತ್ತಗಳಲ್ಲಿ ಚಲಿಸುತ್ತವೆ. ಆ ಗೆರೆಯೇ ಅಕ್ಷ. ಬೀಸುಕಲ್ಲಿಗೆ ಅದು ನಡುವಿನ ಗೂಟದ ಮೂಲಕ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಬಾಗಿಲಿಗೆ ಕೀಲುಗಳ ಮೂಲಕ ಹಾದುಹೋಗುತ್ತದೆ. ಫ್ಯಾನಿಗೆ ಮೋಟಾರಿನ ನಡುವೆ ಇರುತ್ತದೆ. ಲೆಕ್ಕ ಬಿಡಿಸಲು ಕುಳಿತಾಗ ಚಿತ್ರ ಬರೆದು, ಅಕ್ಷ ಇರುವಲ್ಲಿ ದಪ್ಪ ಚುಕ್ಕೆಯೊಂದನ್ನು ಇಡಿ. ಮುಂದೆ ಬರುವ ದೂರಗಳೆಲ್ಲ ಆ ಚುಕ್ಕೆಯಿಂದಲೇ ಅಳೆಯತಕ್ಕವು. ವಸ್ತು ತಿರುಗದೆ ಸುಮ್ಮನೆ ನಿಂತಿದ್ದರೆ ಅಕ್ಷವನ್ನು ನೀವೇ ನಿಮಗೆ ಅನುಕೂಲವಾದ ಕಡೆ ಆರಿಸಿಕೊಳ್ಳಬಹುದು. ಆ ಆಯ್ಕೆ ಎಷ್ಟು ದೊಡ್ಡ ಅನುಕೂಲ ಎಂಬುದು ನಾಲ್ಕನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 2: ತಿರುಗಿದ್ದನ್ನು ರೇಡಿಯನ್‌ನಲ್ಲಿ ಅಳೆಯುವುದು

ತಿರುಗುವ ಕಲ್ಲಿನ ಅಂಚಿನಲ್ಲಿ ಒಂದು ರಾಗಿ ಕಾಳು, ನಡುವಿನ ಹತ್ತಿರ ಇನ್ನೊಂದು ಕಾಳು ಅಂಟಿಕೊಂಡಿವೆ ಎನ್ನೋಣ. ಒಂದು ಸುತ್ತಿನಲ್ಲಿ ಅಂಚಿನ ಕಾಳು ಹೆಚ್ಚು ದೂರ ಕ್ರಮಿಸುತ್ತದೆ, ಒಳಗಿನದು ಕಡಿಮೆ. ಎರಡೂ ತಿರುಗಿದ ಕೋನ ಮಾತ್ರ ಒಂದೇ. ಇಡೀ ಕಲ್ಲಿಗೆ ಅನ್ವಯಿಸುವ ಒಂದೇ ಸಂಖ್ಯೆ ಬೇಕೆಂದರೆ ದೂರದ ಬದಲು ಕೋನವನ್ನೇ ಹಿಡಿಯಬೇಕು. ತ್ರಿಜ್ಯದಷ್ಟೇ ಉದ್ದದ ಕಂಸವು ನಡುವಿನಲ್ಲಿ ಮಾಡುವ ಕೋನ ಒಂದು ರೇಡಿಯನ್, ಅಂದರೆ ಸುಮಾರು 57.3 ಡಿಗ್ರಿ, ಪೂರ್ಣ ಸುತ್ತಿಗೆ ಸುಮಾರು 6.28 ರೇಡಿಯನ್. ಸೆಕೆಂಡಿಗೆ ಎಷ್ಟು ರೇಡಿಯನ್ ತಿರುಗುತ್ತದೆ ಎಂಬುದು ಕೋನೀಯ ವೇಗ, ಆ ವೇಗ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದು ಕೋನೀಯ ವೇಗೋತ್ಕರ್ಷ. ಹೀಗೆ ಅಳೆದಾಗ ಅಂಚಿನ ದೂರ = ತ್ರಿಜ್ಯ × ಕೋನ, ಅಂಚಿನ ವೇಗ = ತ್ರಿಜ್ಯ × ಕೋನೀಯ ವೇಗ, ಅಂಚಿನುದ್ದಕ್ಕೂ ಇರುವ ವೇಗೋತ್ಕರ್ಷ = ತ್ರಿಜ್ಯ × ಕೋನೀಯ ವೇಗೋತ್ಕರ್ಷ. ಡಿಗ್ರಿಯಲ್ಲಿ ಇಟ್ಟರೆ ಈ ಮೂರೂ ಸುಳ್ಳಾಗುತ್ತವೆ. ನಿಮಿಷಕ್ಕೆ ಇಷ್ಟು ಸುತ್ತು ಎಂದು ಲೆಕ್ಕದಲ್ಲಿ ಕೊಟ್ಟಿದ್ದರೆ ಅದನ್ನು 6.28ರಿಂದ ಗುಣಿಸಿ 60ರಿಂದ ಭಾಗಿಸಿದ ಮೇಲೆಯೇ ಮುಂದುವರಿಯಬೇಕು.

ನೇರ ಚಲನೆಯಲ್ಲಿ ಕಲಿತ ಸಮೀಕರಣಗಳು ಇಲ್ಲಿ ವೇಷ ಬದಲಿಸಿ ಬರುತ್ತವೆ. ವೇಗದ ಜಾಗದಲ್ಲಿ ಕೋನೀಯ ವೇಗ, ದೂರದ ಜಾಗದಲ್ಲಿ ಕೋನ ಇಟ್ಟರೆ ಮುಗಿಯಿತು. ಅವನ್ನು ಹೊಸದಾಗಿ ಉರುಹೊಡೆಯುವ ಅಗತ್ಯವಿಲ್ಲ.

ಹೆಜ್ಜೆ 3: ಟಾರ್ಕ್ ಎಂದರೆ ಬಲ ಮತ್ತು ಲಂಬ ದೂರದ ಗುಣಲಬ್ಧ

ತಿರುಚು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಟಾರ್ಕ್ ಎಂಬುದನ್ನು ಕನ್ನಡದಲ್ಲಿ ತಿರುಗುಬಲ, ತಿರುಚುಬಲ ಎಂದು ಬರೆಯುವುದುಂಟು. ನಾನು ಟಾರ್ಕ್ ಎಂದೇ ಬರೆಯುತ್ತೇನೆ, ಏಕೆಂದರೆ ಬಲ ಎಂದು ಮುಗಿಯುವ ಹೆಸರು ಕೊಟ್ಟರೆ ಅದನ್ನೂ ಬಲದ ಒಂದು ಬಗೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ, ಅದನ್ನು ನ್ಯೂಟನ್‌ಗಳಲ್ಲಿ ಅಳೆಯಲು ಹೋಗುತ್ತಾನೆ. ಟಾರ್ಕ್ ಬಲವಲ್ಲ. ಒಂದು ಬಲವು ಒಂದು ನಿರ್ದಿಷ್ಟ ಅಕ್ಷದ ಸುತ್ತ ವಸ್ತುವನ್ನು ಎಷ್ಟರ ಮಟ್ಟಿಗೆ ತಿರುಗಿಸಬಲ್ಲದು ಎಂಬುದರ ಅಳತೆ ಅದು. ಹಾಗಾಗಿ ಅಕ್ಷ ಬದಲಾದರೆ ಅದೇ ಬಲದ ಟಾರ್ಕ್ ಕೂಡ ಬದಲಾಗುತ್ತದೆ.

ಲೆಕ್ಕ ಹಾಕುವ ಕ್ರಮ ಇದು. ಬಲ ತಾಗುವ ಬಿಂದುವಿನಿಂದ, ಬಲದ ದಿಕ್ಕಿನಲ್ಲಿ, ಒಂದು ಗೆರೆಯನ್ನು ಎರಡೂ ಕಡೆಗೆ ಉದ್ದವಾಗಿ ಎಳೆಯಿರಿ. ಇದನ್ನು ಬಲದ ಕ್ರಿಯಾರೇಖೆ ಎನ್ನುತ್ತಾರೆ. ಅಕ್ಷದ ಚುಕ್ಕೆಯಿಂದ ಆ ಗೆರೆಗೆ ಲಂಬವಾಗಿ ಇನ್ನೊಂದು ಗೆರೆ ಇಳಿಸಿ, ಅದರ ಉದ್ದ ಅಳೆಯಿರಿ. ಅದೇ ಲಂಬ ದೂರ. ಬಲವನ್ನು ಈ ಲಂಬ ದೂರದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ, ಏಕಮಾನ ನ್ಯೂಟನ್-ಮೀಟರ್. ಅಕ್ಷದಿಂದ ಬಲ ತಾಗುವ ಬಿಂದುವಿನವರೆಗಿನ ದೂರವನ್ನೇ ನೇರವಾಗಿ ಗುಣಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಆ ದೂರಕ್ಕೂ ಬಲಕ್ಕೂ ನಡುವಿನ ಕೋನ 90 ಡಿಗ್ರಿ ಇದ್ದಾಗ ಮಾತ್ರ ಅದು ಸರಿ. ಇಲ್ಲವಾದರೆ ಆ ಕೋನದ ಸೈನ್‌ನಿಂದಲೂ ಗುಣಿಸಬೇಕು.

ಬಾಗಿಲೊಂದರ ಹಿಡಿ ಕೀಲಿನಿಂದ 0.8 ಮೀಟರ್ ದೂರದಲ್ಲಿದೆ ಎನ್ನಿ. ಹಿಡಿಯನ್ನು ಬಾಗಿಲಿಗೆ ಲಂಬವಾಗಿ 10 ನ್ಯೂಟನ್ ಬಲದಿಂದ ತಳ್ಳಿದರೆ ಟಾರ್ಕ್ 8 ನ್ಯೂಟನ್-ಮೀಟರ್. ಕೀಲಿನಿಂದ 0.2 ಮೀಟರ್ ದೂರದಲ್ಲಿ ತಳ್ಳಿ ಅಷ್ಟೇ ಟಾರ್ಕ್ ಪಡೆಯಬೇಕೆಂದರೆ 40 ನ್ಯೂಟನ್ ಬೇಕು. ಹಿಡಿಯಲ್ಲೇ, ಆದರೆ ಬಾಗಿಲಿಗೆ 30 ಡಿಗ್ರಿ ಓರೆಯಾಗಿ 10 ನ್ಯೂಟನ್ ಹಾಕಿದರೆ ಸಿಗುವುದು ಬರೀ 4 ನ್ಯೂಟನ್-ಮೀಟರ್. ಬಾಗಿಲ ಅಂಚನ್ನು ಕೀಲಿನ ಕಡೆಗೇ ಒತ್ತಿದರೆ ಕ್ರಿಯಾರೇಖೆ ಅಕ್ಷದ ಮೂಲಕವೇ ಹಾದುಹೋಗಿ ಲಂಬ ದೂರ ಸೊನ್ನೆಯಾಗುತ್ತದೆ. ಎಷ್ಟು ಬಲ ಹಾಕಿದರೂ ಟಾರ್ಕ್ ಸೊನ್ನೆಯೇ.

ಕಾರಿನ ಪಂಕ್ಚರ್ ಆದ ಗಾಲಿಯ ನಟ್ ಬಿಚ್ಚುವುದನ್ನು ಹತ್ತಿರದಿಂದ ನೋಡಿದ್ದರೆ ಈ ಸೈನ್ ಎಲ್ಲಿಂದ ಬಂತು ಎಂಬುದು ಕಣ್ಣಿಗೇ ಕಂಡಿರುತ್ತದೆ. ನಟ್ ಮಿಸುಕಲು 100 ನ್ಯೂಟನ್-ಮೀಟರ್ ಟಾರ್ಕ್ ಬೇಕು ಎನ್ನೋಣ. ಗ್ಯಾರೇಜಿನ ಹುಡುಗ ಸ್ಪ್ಯಾನರನ್ನು ನಟ್ಟಿಗೆ ಕೂರಿಸುವಾಗ ಅದರ ಹಿಡಿ ನೆಲಕ್ಕೆ ಸಮಾನಾಂತರವಾಗಿ ಮಲಗುವಂತೆ ನೋಡಿಕೊಳ್ಳುತ್ತಾನೆ. ಮೇಲಕ್ಕೆ ನಿಂತ ಹಾಗೆ ಕೂತರೆ ತೆಗೆದು, ಒಂದು ಮೂಲೆ ತಿರುಗಿಸಿ, ಮತ್ತೆ ಕೂರಿಸುತ್ತಾನೆ. ಅವನು ಹಾಕುವುದು ಮೈಭಾರ, ಮೈಭಾರದ ದಿಕ್ಕು ನೆಟ್ಟಗೆ ಕೆಳಕ್ಕೆ. ಹಿಡಿ ಅಡ್ಡಲಾಗಿದ್ದರೆ ಲಂಬ ದೂರ ಹಿಡಿಯ ಪೂರ್ತಿ ಉದ್ದ, ಹಿಡಿ 60 ಡಿಗ್ರಿ ಮೇಲೆದ್ದಿದ್ದರೆ ಅದರ ಅರ್ಧ. ಹಿಡಿಯ ಉದ್ದ 25 ಸೆಂ.ಮೀ. ಆದರೆ 400 ನ್ಯೂಟನ್ ಬೇಕು, ಅಂದರೆ ಸುಮಾರು 41 ಕೆ.ಜಿ. ತೂಕ ಅದರ ತುದಿಯಲ್ಲಿ ನಿಂತಷ್ಟು. ಅದಕ್ಕೂ ಜಗ್ಗದಿದ್ದರೆ ಹಿಡಿಗೆ ಒಂದು ಕಬ್ಬಿಣದ ಪೈಪು ತೊಡಿಸುತ್ತಾನೆ. ಉದ್ದ 50 ಸೆಂ.ಮೀ. ಆಯಿತು, ಬೇಕಾದ ಬಲ 200 ನ್ಯೂಟನ್‌ಗೆ ಇಳಿಯಿತು. ಟಾರ್ಕ್ ಎಂಬ ಹೆಸರು ಹೇಳದೆ ಆ ಹುಡುಗ ಬಲ, ದೂರ, ಕೋನ ಮೂರನ್ನೂ ಸರಿಯಾಗಿ ಆರಿಸಿರುತ್ತಾನೆ.

ಇನ್ನು ಚಿಹ್ನೆ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುವ ಟಾರ್ಕನ್ನು ಧನ, ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುವುದನ್ನು ಋಣ ಎಂದು ಹಿಡಿಯುವುದು ರೂಢಿ. ಟಾರ್ಕ್ ಸದಿಶವಾದ್ದರಿಂದ ಅದಕ್ಕೊಂದು ದಿಕ್ಕೂ ಇದೆ: ಬಲಗೈ ಬೆರಳುಗಳನ್ನು ತಿರುಗುವ ದಿಕ್ಕಿನಲ್ಲಿ ಮಡಚಿದರೆ ಹೆಬ್ಬೆರಳು ತೋರುವ ಕಡೆ, ಅಕ್ಷದ ಉದ್ದಕ್ಕೆ. ಬಾಟಲಿಯ ಮುಚ್ಚಳ ಬಿಚ್ಚುವಾಗ ಕೈ ತಿರುಗುವ ದಿಕ್ಕನ್ನೂ ಮುಚ್ಚಳ ಮೇಲೇಳುವ ದಿಕ್ಕನ್ನೂ ನೆನೆದುಕೊಂಡರೆ ಇದು ಮರೆಯುವುದಿಲ್ಲ.

ಹೆಜ್ಜೆ 4: ತಿರುಗದೆ ನಿಂತದ್ದನ್ನು ಮೊದಲು ಬಿಡಿಸುವುದು

ಚಲನೆಗೆ ಹೋಗುವ ಮುನ್ನ ಸಮತೋಲದ ಲೆಕ್ಕಗಳಲ್ಲಿ ಕೈ ಪಳಗಬೇಕು. ವಸ್ತು ತಿರುಗದೆ ನಿಂತಿದ್ದರೆ ಅದರ ಮೇಲಿನ ಬಲಗಳ ಮೊತ್ತವೂ ಸೊನ್ನೆ, ಯಾವುದೇ ಅಕ್ಷದ ಸುತ್ತ ತೆಗೆದುಕೊಂಡ ಟಾರ್ಕ್‌ಗಳ ಮೊತ್ತವೂ ಸೊನ್ನೆ.

ಹೆಗಲ ಮೇಲೆ ಕಾವಡಿ ಹೊತ್ತವರನ್ನು ನೆನೆಯಿರಿ. 1.5 ಮೀಟರ್ ಉದ್ದದ ಹಗುರವಾದ ಬಿದಿರ ಕೋಲು. ಮುಂದಿನ ತುದಿಯಲ್ಲಿ 12 ಕೆ.ಜಿ., ಹಿಂದಿನ ತುದಿಯಲ್ಲಿ 8 ಕೆ.ಜಿ. ಹೆಗಲು ಎಲ್ಲಿರಬೇಕು? ಅಕ್ಷವನ್ನು ಹೆಗಲ ಮೇಲೆಯೇ ಇಟ್ಟುಕೊಂಡರೆ ಹೆಗಲು ಮೇಲಕ್ಕೆ ಒತ್ತುವ ಬಲದ ಲಂಬ ದೂರ ಸೊನ್ನೆಯಾಗಿ, ಆ ಗೊತ್ತಿಲ್ಲದ ಬಲ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಉಳಿಯುವುದು ಇಷ್ಟೇ: 12 × ಮುಂದಿನ ದೂರ = 8 × ಹಿಂದಿನ ದೂರ; ಎರಡೂ ದೂರ ಸೇರಿ 1.5 ಮೀಟರ್. ಆದ್ದರಿಂದ ಹೆಗಲು ಮುಂದಿನ ತುದಿಯಿಂದ 0.6 ಮೀಟರ್ ದೂರದಲ್ಲಿರಬೇಕು. ಇದನ್ನೇ ಅಕ್ಷವನ್ನು ಮುಂದಿನ ತುದಿಯಲ್ಲಿಟ್ಟು ಮತ್ತೊಮ್ಮೆ ಮಾಡಿ. ಹೆಗಲಿನ ಬಲ 20 × 9.8 = 196 ನ್ಯೂಟನ್ ಎಂದು ಮೊದಲು ಕಂಡುಹಿಡಿಯಬೇಕಾಗುತ್ತದೆ; ಹಿಂದಿನ ಭಾರದ ಟಾರ್ಕ್ 8 × 9.8 × 1.5 = 117.6, ಭಾಗಿಸಿದರೆ ಮತ್ತೆ 0.6 ಮೀಟರ್. ಉತ್ತರ ಒಂದೇ, ದಾರಿ ಮಾತ್ರ ಉದ್ದ. ಗೊತ್ತಿಲ್ಲದ ಬಲ ಹಾದುಹೋಗುವ ಬಿಂದುವಿನಲ್ಲೇ ಅಕ್ಷ ಇಡುವ ಈ ಉಪಾಯ ಏಣಿ, ಸೇತುವೆ, ತೂಗುಹಲಗೆ ಎಲ್ಲ ಲೆಕ್ಕಗಳಿಗೂ ಒದಗುತ್ತದೆ.

ಲಂಬ ದೂರ ಮತ್ತು ಭಾರ ಎರಡನ್ನೂ ಒಟ್ಟಿಗೆ ಗಮನಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಭಾಸ್ಕರಾಚಾರ್ಯರು 1150ರ ತಮ್ಮ ಸಿದ್ಧಾಂತ ಶಿರೋಮಣಿಯಲ್ಲಿ, ಟೊಳ್ಳಾದ ಅರಗಳಿಗೆ ಅರ್ಧದಷ್ಟು ಪಾದರಸ ತುಂಬಿದ ಚಕ್ರವೊಂದು ತಾನಾಗಿಯೇ ತಿರುಗುವುದನ್ನು ವರ್ಣಿಸಿದ್ದಾರೆ. ಇಳಿಯುವ ಬದಿಯಲ್ಲಿ ಪಾದರಸ ಅಂಚಿಗೆ ಸರಿದು ಅದರ ದೂರ ಹೆಚ್ಚುತ್ತದೆ, ಏರುವ ಬದಿಯಲ್ಲಿ ನಡುವಿನ ಕಡೆಗೆ ಜಾರಿ ಕಡಿಮೆಯಾಗುತ್ತದೆ ಎಂಬುದು ಅಂಥ ಚಕ್ರದ ಹಿಂದಿನ ತರ್ಕ. ತರ್ಕ ಬಹಳ ಸೊಗಸಾದದ್ದು. ಆದರೆ ದೂರ ಹೆಚ್ಚಿರುವ ಬದಿಯಲ್ಲಿ ಯಾವುದೇ ಕ್ಷಣಕ್ಕೆ ಇರುವ ಪಾದರಸ ಕಡಿಮೆ, ದೂರ ಕಡಿಮೆಯಿರುವ ಬದಿಯಲ್ಲಿ ಹೆಚ್ಚು. ಒಂದು ಪೂರ್ಣ ಸುತ್ತಿನ ಕೊನೆಗೆ ಪ್ರತಿ ಹನಿಯೂ ಹೊರಟ ಎತ್ತರಕ್ಕೇ ಮರಳಿರುವುದರಿಂದ ಗುರುತ್ವ ಮಾಡಿದ ಒಟ್ಟು ಕೆಲಸ ಸೊನ್ನೆ. ಘರ್ಷಣೆ ಮಾತ್ರ ಪ್ರತಿ ಸುತ್ತಿನಲ್ಲೂ ಶಕ್ತಿ ಕಸಿಯುತ್ತ ಚಕ್ರವನ್ನು ನಿಲ್ಲಿಸುತ್ತದೆ.

ಹೆಜ್ಜೆ 5: ಜಡತ್ವ ಭ್ರಾಮಕ, ಅಂದರೆ ದ್ರವ್ಯರಾಶಿ ಎಲ್ಲಿದೆ ಎಂಬ ಲೆಕ್ಕ

ಉದ್ದನೆಯ ಬಿದಿರ ಕೋಲನ್ನು ನಡುವೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ. ಅದೇ ಕೋಲನ್ನು ಒಂದು ತುದಿಯಲ್ಲಿ ಹಿಡಿದು ಅಷ್ಟೇ ಚುರುಕಾಗಿ ತಿರುಗಿಸಲು ಪ್ರಯತ್ನಿಸಿ. ಎರಡನೆಯ ಸಲ ಮಣಿಕಟ್ಟು ನೋಯುತ್ತದೆ. ಕೋಲಿನ ದ್ರವ್ಯರಾಶಿ ಬದಲಾಗಿಲ್ಲ. ಬದಲಾದದ್ದು ಅಕ್ಷದಿಂದ ಆ ದ್ರವ್ಯರಾಶಿ ಹರಡಿಕೊಂಡಿರುವ ರೀತಿ. ವಸ್ತುವಿನ ಒಂದೊಂದು ಚೂರಿನ ದ್ರವ್ಯರಾಶಿಯನ್ನೂ ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಸಿಗುವುದೇ ಜಡತ್ವ ಭ್ರಾಮಕ. ಈ ಹೆಸರನ್ನು ಲಿಯೊನಾರ್ಡ್ ಆಯ್ಲರ್ 1765ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಳಕೆಗೆ ತಂದರು.

ದೂರದ ವರ್ಗ ಎಂಬುದನ್ನು ಗಮನಿಸಿ. ದೂರ ಎರಡು ಪಟ್ಟಾದರೆ ಆ ಚೂರಿನ ಪಾಲು ನಾಲ್ಕು ಪಟ್ಟಾಗುತ್ತದೆ. ಮೊದಲ ವರ್ಷದ ಲೆಕ್ಕಗಳಿಗೆ ಐದು ಸೂತ್ರಗಳು ಸಾಕು. ತೆಳುವಾದ ಬಳೆಯಂಥ ಉಂಗುರಕ್ಕೆ ದ್ರವ್ಯರಾಶಿ × ತ್ರಿಜ್ಯದ ವರ್ಗ. ಬೀಸುಕಲ್ಲಿನಂಥ ಬಿಲ್ಲೆಗೆ ಅದರ ½. ಗೋಲಿಯಂಥ ಗಟ್ಟಿ ಗೋಳಕ್ಕೆ ಅದರ 2/5. ಕೋಲಿಗೆ ನಡುವಿನ ಅಕ್ಷದ ಸುತ್ತ ದ್ರವ್ಯರಾಶಿ × ಉದ್ದದ ವರ್ಗದ 1/12, ತುದಿಯ ಸುತ್ತ 1/3. ಕೊನೆಯ ಎರಡನ್ನು ಹೋಲಿಸಿದರೆ ಮಣಿಕಟ್ಟು ಏಕೆ ನೊಂದಿತು ಎಂದು ತಿಳಿಯುತ್ತದೆ: ಜಡತ್ವ ಭ್ರಾಮಕ ನಾಲ್ಕು ಪಟ್ಟಾಗಿತ್ತು.

ಅಕ್ಷವನ್ನು ಸಮಾನಾಂತರವಾಗಿ ಸರಿಸಿದಾಗ ಹೊಸ ಬೆಲೆ ಪಡೆಯಲು ಒಂದು ಪ್ರಮೇಯವಿದೆ: ದ್ರವ್ಯರಾಶಿ ಕೇಂದ್ರದ ಮೂಲಕ ಹಾದ ಅಕ್ಷದ ಬೆಲೆಗೆ, ದ್ರವ್ಯರಾಶಿ × ಸರಿಸಿದ ದೂರದ ವರ್ಗವನ್ನು ಕೂಡಿಸಬೇಕು. ಕೋಲಿಗೆ 1/12ಕ್ಕೆ 1/4 ಕೂಡಿಸಿದರೆ 1/3 ಬರುತ್ತದೆ ಎಂದು ನೀವೇ ತಾಳೆ ನೋಡಬಹುದು.

ಹೆಜ್ಜೆ 6: ನ್ಯೂಟನ್ನನ ಎರಡನೆಯ ನಿಯಮವನ್ನು ತಿರುಗುವ ವಸ್ತುವಿಗೆ ಹಾಕುವುದು

ನಿಯಮ ಇದು: ನಿವ್ವಳ ಟಾರ್ಕ್ = ಜಡತ್ವ ಭ್ರಾಮಕ × ಕೋನೀಯ ವೇಗೋತ್ಕರ್ಷ. ಮೂರನ್ನೂ ಒಂದೇ ಅಕ್ಷದ ಸುತ್ತ ತೆಗೆದುಕೊಂಡಿರಬೇಕು.

ಬೀಸುಕಲ್ಲಿಗೆ ಮರಳೋಣ. ಮೇಲಿನ ಕಲ್ಲು 20 ಕೆ.ಜಿ., ತ್ರಿಜ್ಯ 20 ಸೆಂ.ಮೀ. ಎನ್ನಿ. ಬಿಲ್ಲೆ ಎಂದು ಹಿಡಿದರೆ ಜಡತ್ವ ಭ್ರಾಮಕ ½ × 20 × 0.04 = 0.4 ಕೆ.ಜಿ.-ಮೀ². ಹಿಡಿ ನಡುವಿನಿಂದ 18 ಸೆಂ.ಮೀ. ದೂರದಲ್ಲಿದೆ, ಕೈ ಅದನ್ನು ಸದಾ ವೃತ್ತದ ಸ್ಪರ್ಶರೇಖೆಯ ದಿಕ್ಕಿನಲ್ಲಿ 15 ನ್ಯೂಟನ್ ಬಲದಿಂದ ತಳ್ಳುತ್ತದೆ. ಕೈಯ ಟಾರ್ಕ್ 2.7 ನ್ಯೂಟನ್-ಮೀಟರ್. ಕಲ್ಲುಗಳ ನಡುವಿನ ಘರ್ಷಣೆ ಮತ್ತು ಅರೆಯುತ್ತಿರುವ ಕಾಳು ಸೇರಿ 1.7 ನ್ಯೂಟನ್-ಮೀಟರ್ ಟಾರ್ಕಿನಿಂದ ತಡೆಯುತ್ತವೆ ಎನ್ನೋಣ. ನಿವ್ವಳ ಉಳಿದದ್ದು 1.0; ಕೋನೀಯ ವೇಗೋತ್ಕರ್ಷ 1.0 ÷ 0.4 = 2.5 ರೇಡಿಯನ್/ಸೆ². ನಿಂತ ಕಲ್ಲು ಎರಡು ಸೆಕೆಂಡಿನಲ್ಲಿ 5 ರೇಡಿಯನ್/ಸೆ ವೇಗಕ್ಕೆ, ಅಂದರೆ ನಿಮಿಷಕ್ಕೆ ಸುಮಾರು 48 ಸುತ್ತಿನ ವೇಗಕ್ಕೆ ಬರುತ್ತದೆ. ಅಷ್ಟರಲ್ಲಿ ಅದು ತಿರುಗಿದ್ದು 5 ರೇಡಿಯನ್, ಒಂದು ಸುತ್ತಿಗೂ ಕಡಿಮೆ.

ಉತ್ತರ ಸರಿಯೇ ಎಂದು ಶಕ್ತಿಯ ಕಡೆಯಿಂದ ನೋಡಬಹುದು. ನಿವ್ವಳ ಟಾರ್ಕ್ ಮಾಡಿದ ಕೆಲಸ = ಟಾರ್ಕ್ × ಕೋನ = 1.0 × 5 = 5 ಜೌಲ್. ಭ್ರಮಣದ ಚಲನ ಶಕ್ತಿ = ½ × ಜಡತ್ವ ಭ್ರಾಮಕ × ಕೋನೀಯ ವೇಗದ ವರ್ಗ = ½ × 0.4 × 25 = 5 ಜೌಲ್. ತಾಳೆಯಾಯಿತು. ಈಗ ಕೈ ಬಿಟ್ಟರೆ ಉಳಿಯುವುದು ತಡೆಯುವ 1.7 ಮಾತ್ರ, ಕಲ್ಲು ಸುಮಾರು 1.2 ಸೆಕೆಂಡಿನಲ್ಲಿ, 2.9 ರೇಡಿಯನ್ ತಿರುಗಿ ನಿಲ್ಲುತ್ತದೆ. ಅರ್ಧ ಸುತ್ತೂ ಪೂರ್ತಿಯಾಗುವುದಿಲ್ಲ. ಕಾಳು ಹಾಕಿ ಬೀಸುತ್ತಿದ್ದವರು ನಡುವೆ ಹಿಡಿ ಬಿಟ್ಟಾಗ ಕಲ್ಲು ಬೇಗನೆ ನಿಂತುಬಿಡುವುದನ್ನು ಕಂಡವರಿಗೆ ಈ ಸಂಖ್ಯೆ ಆಶ್ಚರ್ಯ ತರಲಾರದು.

ಟಾರ್ಕ್ ಮತ್ತು ಕೆಲಸ ಎರಡರ ಏಕಮಾನವೂ ನ್ಯೂಟನ್ ಗುಣಿಸು ಮೀಟರ್ ಎಂಬುದರಿಂದ ಗೊಂದಲವಾಗುವುದುಂಟು. ಟಾರ್ಕ್‌ನಲ್ಲಿ ದೂರ ಬಲಕ್ಕೆ ಲಂಬವಾಗಿದೆ, ಕೆಲಸದಲ್ಲಿ ದೂರ ಬಲದ ದಿಕ್ಕಿನಲ್ಲಿಯೇ ಇದೆ. ಎರಡೂ ಬೇರೆ ಬೇರೆ ಭೌತ ಪರಿಮಾಣಗಳು. ಟಾರ್ಕನ್ನು ಜೌಲ್ ಎಂದು ಎಂದೂ ಬರೆಯಬಾರದು. ಟಾರ್ಕನ್ನು ಕೋನೀಯ ವೇಗದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ: ಎಂಜಿನ್ನೊಂದು ನಿಮಿಷಕ್ಕೆ 6000 ಸುತ್ತು ತಿರುಗುವಾಗ 10 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತಿದ್ದರೆ ಅದರ ಸಾಮರ್ಥ್ಯ 10 × 628 = 6280 ವ್ಯಾಟ್, ಸುಮಾರು 8.4 ಅಶ್ವಶಕ್ತಿ. ಬೈಕಿನ ವಿವರಪಟ್ಟಿಯಲ್ಲಿ ಎರಡೂ ಸಂಖ್ಯೆಗಳನ್ನು ಸುತ್ತಿನ ವೇಗದ ಜೊತೆಗೇ ಕೊಟ್ಟಿರುವುದು ಇದಕ್ಕಾಗಿ.

ಹೆಜ್ಜೆ 7: ನೇರ ಚಲನೆ ಮತ್ತು ಭ್ರಮಣ ಜೊತೆಯಾದಾಗ

ಬಾವಿಯ ಮೇಲಿನ ಗಟ್ಟಿ ಮರದ ಉರುಳೆಗೆ ಹಗ್ಗ ಸುತ್ತಿದೆ. ಹಗ್ಗದ ತುದಿಯಲ್ಲಿ ನೀರು ತುಂಬಿದ 10 ಕೆ.ಜಿ.ಯ ಕೊಡ. ಉರುಳೆ 4 ಕೆ.ಜಿ. ಕೈ ಜಾರಿತು. ಕೊಡ ಎಷ್ಟು ವೇಗೋತ್ಕರ್ಷದಿಂದ ಬೀಳುತ್ತದೆ? ಇಂಥಲ್ಲಿ ಎರಡು ವಸ್ತುಗಳಿಗೆ ಎರಡು ಸಮೀಕರಣ ಬೇರೆ ಬೇರೆ ಬರೆಯಬೇಕು, ಮೂರನೆಯದು ಅವನ್ನು ಕಟ್ಟಬೇಕು. ಕೊಡಕ್ಕೆ: 98 − ಎಳೆತ = 10 × ವೇಗೋತ್ಕರ್ಷ. ಉರುಳೆಗೆ: ಎಳೆತ × ತ್ರಿಜ್ಯ = ½ × 4 × ತ್ರಿಜ್ಯದ ವರ್ಗ × ಕೋನೀಯ ವೇಗೋತ್ಕರ್ಷ. ಹಗ್ಗ ಜಾರದಿರುವುದರಿಂದ: ವೇಗೋತ್ಕರ್ಷ = ತ್ರಿಜ್ಯ × ಕೋನೀಯ ವೇಗೋತ್ಕರ್ಷ. ಎರಡನೆಯದರಲ್ಲಿ ತ್ರಿಜ್ಯ ಹೊಡೆದುಹೋಗಿ ಎಳೆತ = 2 × ವೇಗೋತ್ಕರ್ಷ ಎಂದಾಗುತ್ತದೆ. ಉತ್ತರ: 98 ÷ 12 = 8.17 ಮೀ/ಸೆ², ಎಳೆತ 16.3 ನ್ಯೂಟನ್. ಉರುಳೆಗೆ ದ್ರವ್ಯರಾಶಿಯೇ ಇಲ್ಲದಿದ್ದರೆ ವೇಗೋತ್ಕರ್ಷ 9.8 ಆಗಬೇಕು, ಆಗುತ್ತದೆಯೇ ಎಂದು ಪರೀಕ್ಷಿಸುವ ಅಭ್ಯಾಸ ಇಟ್ಟುಕೊಳ್ಳಿ. ರಾಟೆಯ ಎರಡೂ ಬದಿಗೆ ಭಾರ ತೂಗುವ ಲೆಕ್ಕಗಳಲ್ಲಿ ರಾಟೆಗೆ ದ್ರವ್ಯರಾಶಿ ಇದ್ದರೆ ಎರಡೂ ಬದಿಯ ಎಳೆತ ಒಂದೇ ಆಗಿರುವುದಿಲ್ಲ. ಆ ವ್ಯತ್ಯಾಸವೇ ರಾಟೆಯನ್ನು ತಿರುಗಿಸುವುದು.

ಉರುಳುವ ವಸ್ತುಗಳಿಗೆ ಅಕ್ಷವನ್ನು ನೆಲ ತಾಗುವ ಬಿಂದುವಿನಲ್ಲಿ ಇಡುವುದು ನನಗೆ ಬಹಳ ಇಷ್ಟವಾದ ದಾರಿ. ಘರ್ಷಣೆಯೂ ನೆಲದ ಒತ್ತೂ ಆ ಬಿಂದುವಿನ ಮೂಲಕವೇ ಹಾದುಹೋಗುವುದರಿಂದ ಎರಡೂ ಲೆಕ್ಕದಿಂದ ಬಿಟ್ಟುಹೋಗುತ್ತವೆ, ತಿರುಗಿಸುವುದು ಗುರುತ್ವ ಒಂದೇ. ಸಮಾನಾಂತರ ಅಕ್ಷದ ಪ್ರಮೇಯ ಬಳಸಿದರೆ ಇಳಿಜಾರಿನಲ್ಲಿ ವೇಗೋತ್ಕರ್ಷ = 9.8 × ಇಳಿಜಾರಿನ ಸೈನ್ ÷ (1 + ಆಕಾರದ ಭಿನ್ನರಾಶಿ). ಐದನೆಯ ಹೆಜ್ಜೆಯ 2/5, ½, 1 ಎಂಬವೇ ಆ ಭಿನ್ನರಾಶಿಗಳು: ಗೋಲಿಗೆ ಭಾಜಕ 1.4, ಕೇರಂ ಸ್ಟ್ರೈಕರಿಗೆ 1.5, ಬಳೆಗೆ 2. ಒಂದು ಮೀಟರ್ ಹಲಗೆಯನ್ನು ಸ್ವಲ್ಪವೇ ಓರೆಯಾಗಿಟ್ಟು ಮೂರನ್ನೂ ಒಟ್ಟಿಗೆ ಬಿಡಿ: ಗೋಲಿ ತಳ ಮುಟ್ಟುವಾಗ ಸ್ಟ್ರೈಕರ್ 93 ಸೆಂ.ಮೀ. ಹತ್ತಿರ ಇರುತ್ತದೆ, ಬಳೆ 70 ಸೆಂ.ಮೀ.ನಲ್ಲೇ ಇರುತ್ತದೆ. ದಪ್ಪ ಗೋಲಿಯಾದರೂ ಸಣ್ಣ ಗೋಲಿಯಾದರೂ ಫಲಿತಾಂಶ ಅದೇ. ಸೂತ್ರದಲ್ಲಿ ದ್ರವ್ಯರಾಶಿಯೂ ಇಲ್ಲ, ತ್ರಿಜ್ಯವೂ ಇಲ್ಲ.

ಹೆಜ್ಜೆ 8: ಹೊರಗಿನ ಟಾರ್ಕ್ ಇಲ್ಲದಿದ್ದಾಗ

ಜಡತ್ವ ಭ್ರಾಮಕ × ಕೋನೀಯ ವೇಗ ಎಂಬುದು ಕೋನೀಯ ಸಂವೇಗ. ಹೊರಗಿನಿಂದ ನಿವ್ವಳ ಟಾರ್ಕ್ ಇಲ್ಲದಿದ್ದರೆ ಅದು ಬದಲಾಗುವುದಿಲ್ಲ. ತಿರುಗುವ ಕುರ್ಚಿಯಲ್ಲಿ ತೋಳು ಚಾಚಿ ಕುಳಿತವರ ಜಡತ್ವ ಭ್ರಾಮಕ 4, ಕೋನೀಯ ವೇಗ 3 ಎನ್ನಿ. ತೋಳುಗಳನ್ನು ಎದೆಗೆ ಎಳೆದುಕೊಂಡಾಗ ಜಡತ್ವ ಭ್ರಾಮಕ 2ಕ್ಕೆ ಇಳಿದರೆ ವೇಗ 6ಕ್ಕೆ ಏರುತ್ತದೆ. ಚಲನ ಶಕ್ತಿಯಾದರೋ 18 ಜೌಲ್‌ನಿಂದ 36ಕ್ಕೆ ಏರಿತು. ಈ ಹೆಚ್ಚಿನ ಶಕ್ತಿ ಬಂದದ್ದು ತೋಳುಗಳನ್ನು ಒಳಕ್ಕೆ ಎಳೆದ ಸ್ನಾಯುಗಳ ಕೆಲಸದಿಂದ. ಕೋನೀಯ ಸಂವೇಗ ಉಳಿದರೆ ಚಲನ ಶಕ್ತಿಯೂ ಉಳಿಯುತ್ತದೆ ಎಂದು ಊಹಿಸುವುದು ತಪ್ಪು.

ಕೋನೀಯ ಸಂವೇಗಕ್ಕೆ ದಿಕ್ಕೂ ಇರುವುದರಿಂದ, ಟಾರ್ಕ್ ಇಲ್ಲದಿದ್ದರೆ ಆ ದಿಕ್ಕೂ ಬದಲಾಗುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿಸಿದ 360 ಕೆ.ಜಿ.ಯ ಆರ್ಯಭಟ ಉಪಗ್ರಹವನ್ನು ಸ್ಥಿರವಾಗಿ ಇಟ್ಟದ್ದು ಈ ಗುಣವೇ: ಅದನ್ನು ತನ್ನ ಅಕ್ಷದ ಸುತ್ತ ತಿರುಗುವಂತೆ ಮಾಡಲಾಗಿತ್ತು, ತಿರುಗುತ್ತಿದ್ದ ಅಕ್ಷ ದಿಕ್ಕು ಬಿಡಲಿಲ್ಲ. ಇಂದಿನ ಬಹಳಷ್ಟು ಉಪಗ್ರಹಗಳಲ್ಲಿ ಒಳಗೇ ಸಣ್ಣ ಚಕ್ರಗಳಿರುತ್ತವೆ. ಮೋಟಾರು ಚಕ್ರವನ್ನು ಒಂದು ಕಡೆಗೆ ವೇಗ ಹೆಚ್ಚಿಸಿದರೆ ಉಪಗ್ರಹ ಇನ್ನೊಂದು ಕಡೆಗೆ ನಿಧಾನವಾಗಿ ತಿರುಗುತ್ತದೆ, ಇಂಧನ ಉಗುಳುವ ಅಗತ್ಯವೇ ಇಲ್ಲ.

ಹೆಜ್ಜೆ 9: ಎಲ್ಲವನ್ನೂ ಬಳಸಿ ಒಂದು ಪ್ರಯೋಗ

ಒಂದು ಮೀಟರ್ ಉದ್ದದ ಮರದ ಸ್ಕೇಲ್ ಮತ್ತು ಒಂಬತ್ತು ಹುಣಸೆ ಬೀಜ ತೆಗೆದುಕೊಳ್ಳಿ. ಸ್ಕೇಲಿನ ಸೊನ್ನೆಯ ತುದಿ ಮೇಜಿನ ಅಂಚಿನ ಮೇಲೆ ಕೂರಲಿ, ಇನ್ನೊಂದು ತುದಿಯನ್ನು ಬೆರಳಿನಿಂದ ಆತುಕೊಂಡು ಸ್ಕೇಲನ್ನು ಅಡ್ಡಲಾಗಿ ಹಿಡಿಯಿರಿ. 10, 20, 30 ಎಂದು 90ರವರೆಗೆ ಹತ್ತು ಸೆಂ.ಮೀ.ಗೆ ಒಂದರಂತೆ ಬೀಜಗಳನ್ನು ಇಡಿ. ಬೆರಳು ತೆಗೆಯುವ ಮೊದಲು ಲೆಕ್ಕ ಹಾಕಿ. ಅಕ್ಷ ಮೇಜಿನ ಅಂಚು. ಸ್ಕೇಲಿನ ತೂಕ ಅದರ ನಡುವಿನಲ್ಲಿ ತಾಗುವುದರಿಂದ ಟಾರ್ಕ್ = ತೂಕ × ಉದ್ದದ ಅರ್ಧ. ತುದಿಯ ಸುತ್ತ ಜಡತ್ವ ಭ್ರಾಮಕ ದ್ರವ್ಯರಾಶಿ × ಉದ್ದದ ವರ್ಗದ 1/3. ಭಾಗಿಸಿದರೆ, ಬೆರಳು ತೆಗೆದ ಕ್ಷಣದಲ್ಲಿ ಕೋನೀಯ ವೇಗೋತ್ಕರ್ಷ 1.5 × 9.8 ÷ ಉದ್ದ. ಅಂದರೆ ಸ್ಕೇಲಿನ ತುದಿ 14.7 ಮೀ/ಸೆ² ವೇಗೋತ್ಕರ್ಷದಿಂದ ಕೆಳಗಿಳಿಯುತ್ತದೆ. ಸ್ವತಂತ್ರವಾಗಿ ಬೀಳುವ ಕಲ್ಲಿಗಿಂತ ಇದು ಒಂದೂವರೆ ಪಟ್ಟು. ವೇಗೋತ್ಕರ್ಷ ಸರಿಯಾಗಿ 9.8 ಆಗುವ ಜಾಗ ಅಕ್ಷದಿಂದ ಉದ್ದದ ಮೂರನೆಯ ಎರಡು ಭಾಗ, ಸುಮಾರು 67 ಸೆಂ.ಮೀ. ಅದರ ಆಚೆಯ ಸ್ಕೇಲು ತನ್ನ ಮೇಲಿನ ಬೀಜಕ್ಕಿಂತ ವೇಗವಾಗಿ ಬೀಳಬೇಕು.

ಈಗ ಬೆರಳು ತೆಗೆಯಿರಿ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದುಕೊಂಡರೆ ಒಳ್ಳೆಯದು. 10ರಿಂದ 60ರವರೆಗಿನ ಬೀಜಗಳು ಹೊರಟಾಗ ಸ್ಕೇಲಿಗೆ ಅಂಟಿದಂತೆ ಜೊತೆಯಲ್ಲೇ ಇಳಿಯುತ್ತವೆ; 70, 80, 90ರ ಮೂರು ಬೀಜಗಳು ಗಾಳಿಯಲ್ಲಿ ಹಿಂದೆ ಉಳಿಯುತ್ತವೆ, ಅವುಗಳ ಕೆಳಗಿನಿಂದ ಸ್ಕೇಲು ಜಾರಿ ಹೋಗಿರುತ್ತದೆ.